ಬೂದಕ್ಕನನ್ನ ಹೊತ್ತು ಬೆಟ್ಟ ಸುತ್ತಿದ ದುಗ್ಗಿ

ಆ ಮೂರು ಊರಿನವರು ಮಾಡಿದ್ದು ತಪ್ಪು. ಕಾಯಿಲೆ ಬಿದ್ದ ಕೋಳಿಗೆ ಒಂದು ಗುಟುಕು ನೀರು ಬಿಡಲಿಲ್ಲ, ಹೊತ್ತುಕೊಂಡು ಹೋಗಿ ಪಕ್ಕದೂರಿನ ಗಡಿಯಲ್ಲಿ ಇಟ್ಟು ಬಂದರು, ಅದಕ್ಕೆ ಶಾಸ್ತ್ರ ಅಂತ ಹೆಸರಿಟ್ಟರು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದರೆ ನೀನು ನಡುವೆ ನಿದ್ದೆ ಹೋಗೋಳು. ಕಾಲು ಚಾಚು, ಕಂಬಳಿ ಎಳಕೋ, ಕೇಳು.

ಬೆಟ್ಟ ಬಳಸಿ ಇನ್ನೂ ಬಂಡಿದಾರಿ ಬೀಳದೆ ಇದ್ದ ಕಾಲದಲ್ಲಿ, ಒಂದು ಬೆಟ್ಟದ ಬುಡಕ್ಕೆ ಸುತ್ತಲೂ ಮೂರು ಊರು ಇದ್ದವಂತೆ. ಹಂದರಗಟ್ಟೆ, ಮುಳ್ಳುಗುಂದಿ, ಕರೇದಿಬ್ಬ. ಬೆಟ್ಟ ಅಡ್ಡ ಇದ್ದದ್ದರಿಂದ ಒಂದೂರು ಇನ್ನೊಂದೂರಿಗೆ ಕಾಣ್ತಿರಲಿಲ್ಲವಂತೆ. ತಮ್ಮ ಹೊಲ ಆಯ್ತು ತಮ್ಮ ಗಡಿ ಆಯ್ತು, ಗಡಿಯಾಚೆಯ ಗೊಡವೆ ನಮಗ್ಯಾಕೆ ಅನ್ನೋ ಜನವಂತೆ.

ಹಂದರಗಟ್ಟೆಯಲ್ಲಿ ದುಗ್ಗಿ ಅಂತ ಒಬ್ಬ ಹುಡುಗಿ, ಅವಳಿಗೊಬ್ಬ ಅವ್ವ, ಒಂದು ಕೋಳಿ. ಕೋಳಿಯ ಮೈ ಒಲೆಯ ಬೂದಿ ಬಣ್ಣ, ಅದಕ್ಕೇ ಬೂದಕ್ಕ ಅಂತ ಹೆಸರು. ಮರಿಯಾಗಿದ್ದಾಗ ಹದ್ದು ಎತ್ತಿಕೊಂಡು ಹೋಗ್ತಿದ್ದದ್ದನ್ನ ದುಗ್ಗಿ ಕಲ್ಲು ಬೀರಿ ಬಿಡಿಸಿಕೊಂಡಿದ್ದಳಂತೆ. ಅವತ್ತಿಂದ ಅದು ಇವಳ ಹಿಂದೆ ಹಿಂದೆ. ಇವಳು ಬಾವಿಗೆ ಹೋದರೆ ಬಾವಿಗೆ, ಹೊಲಕ್ಕೆ ಹೋದರೆ ಹೊಲಕ್ಕೆ. ಊರಿನೋರು ಆಡಿಕೊಳ್ಳೋರಂತೆ, ಏನೇ ದುಗ್ಗಿ, ನಿನ್ನ ಮದುವೆ ದಿಬ್ಬಣದಲ್ಲಿ ಕಳಸಗಿತ್ತಿ ಇವಳೇನಾ ಅಂತ. ಅವಳೂ ಬಿಡೋಳಲ್ಲ, ಹೂಂ, ನಿಮಗಿಂತ ನೆಟ್ಟಗೆ ನಡೀತಾಳೆ ಅನ್ನೋಳಂತೆ.

ಆಮೇಲೆ ಒಂದು ಸಲ ಊರಿಗೆ ಕೋಳಿ ಬೇನೆ ಬಂತಂತೆ. ಬೇನೆ ಬಂದರೆ ಆ ಊರುಗಳಲ್ಲಿ ಒಂದೇ ಪದ್ಧತಿ. ಕಾಯಿಲೆ ಕೋಳಿಯನ್ನ ಪುಟ್ಟಿಯಲ್ಲಿ ಕೂರಿಸಿ, ಬೇವಿನ ಸೊಪ್ಪು ಮುಚ್ಚಿ, ಅರಿಶಿನ ಕುಂಕುಮ ಹಾಕಿ, ಪಡುವಣ ಗಡಿಕಲ್ಲಿನ ಆಚೆ ಇಟ್ಟು, ಮಾರಿ ನಿನ್ನ ದಾರಿ ನೀನು ನೋಡಿಕೋ ಅಂದು, ಹಿಂದಕ್ಕೆ ತಿರುಗಿ ನೋಡದೆ ಬರಬೇಕು. ತಿರುಗಿ ನೋಡಿದರೆ ಮಾರಿ ಹಿಂದೆಯೇ ಬರ್ತಾಳೆ ಅಂತ ಭಯ. ಊರಗೌಡ ಹಾಲಪ್ಪ ತಾನೇ ಮೊದಲು, ಕೆಂಪು ಅಂಚು ಹೆಣೆದ ಪುಟ್ಟಿಯಲ್ಲಿ ತನ್ನ ಮನೆಯ ಹುಂಜವನ್ನ ಕಳಿಸಿದ್ದನಂತೆ.

ಆಮೇಲೆ ಬೂದಕ್ಕನೂ ಮಲಗಿತಂತೆ. ರೆಕ್ಕೆ ಜೋತುಬಿತ್ತು, ಬಾಯಿ ತೆರೆದು ಉಸಿರು ಎಳೀತಿತ್ತು, ಹಸಿರು ಹಿಕ್ಕೆ ಹಾಕ್ತಿತ್ತು, ಕತ್ತು ಒಂದು ಕಡೆಗೆ ತಿರುಚಿಕೊಂಡು ಹೋಯ್ತು. ಹಾಲಪ್ಪಗೌಡ ಬಾಗಿಲಿಗೆ ಬಂದ. ಇಟ್ಟು ಬಾರಮ್ಮ ಅಂದ. ಇನ್ನೂ ಉಸಿರಾಡ್ತಾ ಅದೆ ಗೌಡ್ರೇ ಅಂದಳಂತೆ ದುಗ್ಗಿ. ಉಸಿರಾಡೋವಾಗಲೇ ಇಡಬೇಕು, ಅದೇ ಶಾಸ್ತ್ರ ಅಂದನಂತೆ ಅವನು. ಹಂಗಾದರೆ ನಾನೂ ಜೊತೆಗೆ ಹೋಗ್ತೀನಿ ಅಂದಳು. ಹೋಗು, ಆದರೆ ಅದನ್ನ ಹೊತ್ತುಕೊಂಡು ಈ ಗಡಿ ಮೇಲೆ ವಾಪಸ್ಸು ಕಾಲಿಡಬೇಡ, ಇಟ್ಟರೆ ನಿಮ್ಮವ್ವನಿಗೂ ಊರಲ್ಲಿ ಬಾವಿ ನೀರಿಲ್ಲ ಅಂದುಬಿಟ್ಟನಂತೆ.

ಅಜ್ಜೀ, ಕೋಳಿ ಸತ್ತೋಗುತ್ತಾ?

ಬಾಯಿ ಮುಚ್ಚಿಕೊಂಡು ಕೇಳು. ಸಾಯೋದನ್ನ ಹೇಳೋಕೆ ನಿನ್ನ ಅಜ್ಜಿ ಬೇಕಾ, ಯಾರು ಬೇಕಾದರೂ ಹೇಳ್ತಾರೆ.

ಆಮೇಲೆ ದುಗ್ಗಿ ಹಳೇ ಕಂಬಳಿ ಚೂರು ಹಾಸಿ, ಬೂದಕ್ಕನ್ನ ಮಂಕರಿಯಲ್ಲಿ ಮಲಗಿಸಿ, ತಲೆ ಮೇಲೆ ಹೊತ್ತು ಗಡಿ ದಾಟಿದಳಂತೆ. ಒಂದು ಹಗಲು ನಡೆದರೆ ಮುಳ್ಳುಗುಂದಿ. ಅಲ್ಲಿ ಜನ ಬೇಲಿ ಅಡ್ಡ ಹಿಡಿದರಂತೆ. ಮಾರಿ ಕೋಳಿ ನಮ್ಮೂರಿಗೆ ಬೇಡ, ಪಡುವಣಕ್ಕೆ ದಾಟಿಸು ಅಂದರು. ಅದರ ಕಾಲು ನಿಮ್ಮ ಅಂಗಳ ಮುಟ್ಟಲ್ಲ, ಒಂದು ಹಿಡಿ ಕೆಂಡ ಕೊಡಿ ಸಾಕು, ಅದಕ್ಕೆ ಚಳಿ ಅಂದಳು. ಯಾರೂ ಕೊಡಲಿಲ್ಲ. ಕೊನೆಗೆ ಒಬ್ಬಳು ಮುದುಕಿ ಬೇಲಿ ಸಂದಿಯಿಂದ ಒಡಕು ಮಡಕೆಯಲ್ಲಿ ಕೆಂಡ ಸರಿಸಿ, ಬೂದಿ ಮುಚ್ಚಿ ಇಟ್ಟುಕೋ, ಹತ್ತಿರಕ್ಕೆ ಇಡು, ತಾಗಿಸಬೇಡ ಅಂದಳಂತೆ. ಆಮೇಲೆ ತನ್ನ ಸೊಸೆಯ ಕಡೆಗೆ ತಿರುಗಿ, ಏನು ಹಂಗೆ ನೋಡ್ತೀಯ, ನಾನು ಮಲಗಿದಾಗ ನನ್ನನ್ನೂ ಗಡಿಗೆ ಇಡ್ತೀಯೇನು ಅಂದಳಂತೆ.

ಆಮೇಲೆ ಇನ್ನೊಂದು ಹಗಲು ನಡೆದರೆ ಕರೇದಿಬ್ಬ. ಅಲ್ಲೂ ಅದೇ ಮಾತು, ಪಡುವಣಕ್ಕೆ ದಾಟಿಸು. ಊರ ಹೊರಗೆ ಒಬ್ಬ ಕುರಿ ಕಾಯೋನು ಸಿಕ್ಕಿದ. ಅವನು ಬೈಯಲಿಲ್ಲ, ಹತ್ತಿರ ಬಂದು ಮಂಕರಿಯೊಳಗೆ ಬಗ್ಗಿ ನೋಡಿದನಂತೆ. ನಂದೂ ಒಂದು ಹುಂಜ ಇತ್ತು, ನಾನೂ ಇಟ್ಟು ಬಂದೆ, ಬರೋವಾಗ ಕೂಗ್ತಾ ಇತ್ತು, ನಾನು ತಿರುಗಿ ನೋಡಲಿಲ್ಲ ಅಂದನಂತೆ. ಅಷ್ಟೇ ಅಂದದ್ದು. ಆಮೇಲೆ ಗಂಟಿನಿಂದ ಅರಿಶಿನದ ಕೊಂಬು, ಎರಡು ಎಸಳು ಬೆಳ್ಳುಳ್ಳಿ ತೆಗೆದು ಅವಳ ಮಡಿಲಿಗೆ ಹಾಕಿ, ಕುರಿ ಹಿಂದೆ ಹೊರಟುಹೋದನಂತೆ.

ದುಗ್ಗಿ ಮರದ ಬುಡದಲ್ಲಿ ಕೂತು, ಅವ್ವ ಗಂಟು ಕಟ್ಟಿಕೊಟ್ಟಿದ್ದ ರಾಗಿ ಹಿಟ್ಟನ್ನ ಕುಡಿಕೆಯ ನೀರಿಗೆ ಕದಡಿ, ಮುದುಕಿ ಕೊಟ್ಟ ಕೆಂಡದ ಮೇಲೇ ತೆಳ್ಳಗೆ ಗಂಜಿ ಕಾಯಿಸಿ, ಅರಿಶಿನ ಬೆಳ್ಳುಳ್ಳಿ ಜಜ್ಜಿ ಕಲಸಿ, ಆರಿದ ಮೇಲೆ ಸೆರಗಿನ ತುದಿ ಅದ್ದಿ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಬಿಟ್ಟಳಂತೆ. ಮೊದಲು ಎಲ್ಲ ಆಚೆಗೇ ಸುರೀತು. ಕುಡಿಯೇ, ಕುಡಿ, ಹದ್ದಿನ ಬಾಯಿಂದ ಬಂದೋಳು ನೀನು ಅಂದಳು. ಕತ್ತು ಜೋತು ಬೀಳದ ಹಂಗೆ ಅಂಗೈಯಲ್ಲಿ ಹಿಡಿದೇ ಇದ್ದಳು, ಕೈ ಮರಗಟ್ಟಿದರೂ ಬಿಡಲಿಲ್ಲ. ಆಮೇಲೆ ಗಂಟಲಲ್ಲಿ ಗುಟುಕ್ ಅಂತ ಒಂದು ಸದ್ದು ಬಂತಂತೆ. ಅವತ್ತು ಅವಳಿಗೆ ಆದ ಹೆಮ್ಮೆ ಯಾವ ರಾಣಿಗೂ ಆಗಿರಲಿಕ್ಕಿಲ್ಲ.

ಮೂರನೇ ಹಗಲು ಮತ್ತೆ ನಡೆದಳು. ಕರೇದಿಬ್ಬದ ಪಡುವಣ ಗಡಿಗೆ ಬಂದರೆ, ಗಡಿಕಲ್ಲಿನ ಪಕ್ಕ ಸಾಲಾಗಿ ಪುಟ್ಟಿಗಳು, ಒಣಗಿದ ಬೇವು, ಸತ್ತ ಕೋಳಿಗಳು. ಅಯ್ಯೋ ಪಾಪ, ಇದು ಯಾವೂರಪ್ಪ ಅಂತ ತಲೆ ಎತ್ತಿ ನೋಡ್ತಾಳೆ, ಹೊಲದಲ್ಲಿ ಹುಲ್ಲು ಕುಯ್ಯುತ್ತಾ ನಿಂತಿರೋಳು ಅವಳ ಅವ್ವ.

ಅವ್ವನ ಕುಡುಗೋಲು ಕೈಯಲ್ಲೇ ನಿಂತಿತಂತೆ. ಪಡುವಣಕ್ಕೆ ಹೋದೋಳು ಮೂಡಣದಿಂದ ಹೆಂಗೆ ಬಂದೆಯೇ ಅಂದಳಂತೆ.

ಬೆಟ್ಟ ದುಂಡಗಿತ್ತು ಕೂಸೇ, ಒಬ್ಬೊಬ್ಬರು ಪಡುವಣ ಅಂದ ದಾರಿಯೆಲ್ಲ ಅದನ್ನೇ ಬಳಸ್ತಿತ್ತು. ಇವರು ಅವರಿಗೆ, ಅವರು ಇನ್ನೊಬ್ಬರಿಗೆ, ಆ ಇನ್ನೊಬ್ಬರು ಮತ್ತೆ ಇವರಿಗೇ. ಒಬ್ಬರೂ ತಿರುಗಿ ನೋಡಿದ್ದಿಲ್ಲ, ಅದಕ್ಕೇ ಒಬ್ಬರಿಗೂ ಗೊತ್ತಾಗಿದ್ದಿಲ್ಲ. ಮೂಡಣ ಗಡಿಗೆ ಬಂದ ಪುಟ್ಟಿಯನ್ನ ಇವರು ಊರ ನಡುಬೀದಿಯಲ್ಲೇ ಹೊತ್ತುಕೊಂಡು ಹೋಗಿ ಪಡುವಣಕ್ಕೆ ದಾಟಿಸೋರು. ದಾರಿಯುದ್ದಕ್ಕೂ ಬೇನೆ ಉದುರಿಸಿಕೊಂಡು.

ಆಮೇಲೆ ಗೌಡ ಕೋಲು ಹಿಡಿದು ಓಡಿ ಬಂದ, ಊರೆಲ್ಲ ಹಿಂದೆ. ಮಾರಿ ಹೊತ್ತು ತಂದೆಯಲ್ಲೇ ಅಂತ ಕೂಗಿದ. ದುಗ್ಗಿ ಆ ಪುಟ್ಟಿಗಳ ಸಾಲಿನಿಂದ ಒಂದು ಪುಟ್ಟಿ ಎಳೆದು ಅವನ ಮುಂದೆ ಇಟ್ಟಳಂತೆ. ಕೆಂಪು ಅಂಚಿನ ಪುಟ್ಟಿ. ಗೌಡನ ಹೆಂಡತಿ ಬಾಯಿ ಮೇಲೆ ಸೆರಗು ಇಟ್ಟುಕೊಂಡು, ಇದು ನಮ್ಮದೇ, ನಾನೇ ಕುಂಕುಮ ಇಟ್ಟು ಕಳಿಸಿದ್ದು ಅಂದಳಂತೆ. ಆಗ ದುಗ್ಗಿ ಹೇಳಿದಳು, ಮಾರಿಗೆ ಕಾಲಿಲ್ಲ ಗೌಡ್ರೇ. ಅವಳನ್ನ ಬೆಟ್ಟ ಸುತ್ತಿಸ್ತಾ ಇರೋರು ನಾವೇ. ನಾನು ಗಡಿ ದಾಟಿ ಬಂದೀನಿ, ಇವಳನ್ನ ಇಲ್ಲೇ ಹೊಲದ ಮೂಲೆಯಲ್ಲಿ ಬೇರೆ ಗುಡಿಸಲು ಹಾಕಿ ಸಾಕ್ತೀನಿ, ಬಾವಿ ನೀರು ಯಾರು ತಡೀತಾರೋ ತಡೀಲಿ.

ಯಾರೂ ತಡೀಲಿಲ್ಲವಂತೆ. ಗೌಡನ ಹೆಂಡತಿಯೇ ಮೊದಲನೇ ಕೊಡ ತಂದು ಇಟ್ಟಳಂತೆ. ಹಾಲಪ್ಪಗೌಡ ಗುದ್ದಲಿ ತಂದು, ಸತ್ತ ಕೋಳಿಗಳಿಗೆ ಆಳವಾಗಿ ಗುಂಡಿ ತೋಡಿದನಂತೆ. ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಲಿಲ್ಲ, ಗೌಡ ಅಲ್ಲವಾ. ಗುಂಡಿ ಮಾತ್ರ ಅವನೇ ತೋಡಿದ.

ಆಮೇಲೆ ಬೂದಕ್ಕ ಎಷ್ಟೋ ದಿನ ಮಲಗೇ ಇತ್ತಂತೆ. ದುಗ್ಗಿ ಬಿಸಿ ಮಡಕೆ ಬದಲಾಯಿಸೋಳು, ಹಿಕ್ಕೆ ಬಳಿದು ಸುಣ್ಣ ಹಾಕೋಳು, ಹನಿ ಬಿಡೋಳು, ಬೇರೆ ಕೋಳಿ ಇರೋ ಮನೆಗೆ ಕಾಲಿಡದೆ ಇರೋಳು. ಒಂದು ಬೆಳಿಗ್ಗೆ ಗುಡಿಸಲ ಬಾಗಿಲು ಸರಿಸಿದರೆ, ಬೂದಕ್ಕ ಎದ್ದು ನಿಂತು ಅವಳ ಕಾಲಬೆರಳನ್ನೇ ಕಾಳು ಅಂತ ಕುಕ್ಕಿತಂತೆ. ಕತ್ತು ಮಾತ್ರ ಸೊಟ್ಟ ಆದದ್ದು ಸೊಟ್ಟವೇ ಉಳೀತು. ಉಳೀಲಿ. ಆ ಸೊಟ್ಟ ಕತ್ತು ಎತ್ತಿಕೊಂಡೇ ಅದು ನಡುಬೀದಿಯಲ್ಲಿ ದುಗ್ಗಿ ಹಿಂದೆ ನಡೀತಿದ್ದರೆ ಜನ ಎದ್ದು ದಾರಿ ಬಿಡೋರಂತೆ. ಮೂರೂ ಊರಿನೋರು ಪುಟ್ಟಿ ಕಳಿಸೋದು ನಿಲ್ಲಿಸಿ, ತಮ್ಮ ತಮ್ಮ ಕೋಳಿಗೆ ತಾವೇ ಗುಡಿಸಲು ಹಾಕಿದರಂತೆ. ಬೂದಕ್ಕ ಕಾವು ಕೂತು ಮರಿ ಮಾಡಿದಾಗ ಒಂದು ಮರಿಯನ್ನ ದುಗ್ಗಿ ಆ ಕುರಿ ಕಾಯೋನ ಕೈಗೆ ಕೊಟ್ಟು ಬಂದಳಂತೆ. ಸಂತೆಯಲ್ಲಿ ಯಾರಾದರೂ, ಓ, ಸೊಟ್ಟ ಕತ್ತಿನ ಕೋಳಿ ಊರಿನೋರಾ ಅಂತ ನಕ್ಕರೆ, ಹಂದರಗಟ್ಟೆಯೋರು ಎದೆ ಉಬ್ಬಿಸಿ, ಹೌದು, ಆ ಊರೇ ನಮ್ಮದು ಅನ್ನೋರಂತೆ.

ಅಲ್ಲಿಗೆ ಕತೆ ಗೂಡು ಸೇರಿತು. ಇನ್ನು ನೀನು ಕಣ್ಣು ಮುಚ್ಚಬಹುದು, ಆದರೆ ಒಂದು ಮಾತು ಕೇಳಿಸಿಕೊಂಡು ಮುಚ್ಚು. ನರಳೋ ಜೀವ ಕೋಳಿಯಾಗಲಿ ಮನುಷ್ಯರಾಗಲಿ, ಆಚೆಗೆ ಇಟ್ಟು ಬಾ ಅಂತ ಯಾರೇ ನಿನಗೆ ಹೇಳಲಿ, ನಾನೇ ಹೇಳಲಿ, ಆಚೆ ಯಾರಿದ್ದಾರೆ ಅಂತ ಮೊದಲು ಕೇಳು. ಉತ್ತರ ಸಿಗೋವರೆಗೂ ಪುಟ್ಟಿಗೆ ಕೈ ಹಾಕಬೇಡ.