ಎರಡನೆಯ ಜೀರುಂಡೆ

ಮೋಕ್ಷ ಕೇಳಿಕೊಂಡು ಬಂದವರ ಅಂಗೈಯಲ್ಲಿ ಹಾಲಮ್ಮ ಒಂದು ಸತ್ತ ಜೀರುಂಡೆ ಇಡುತ್ತಿದ್ದರು.

"ಮೊದಲು ಇದು ಯಾವುದು ಹೇಳು. ನೀನು ಯಾರು ಅನ್ನೋದು ಆಮೇಲೆ ನೋಡಾಣ."

ಹೆಚ್ಚಿನವರು ಮಧ್ಯಾಹ್ನದ ಬಸ್ಸಿಗೇ ವಾಪಸಾಗುತ್ತಿದ್ದರು.

ಕೊಟ್ರೇಶ ಉಳಿದ. ಊರಿನಲ್ಲಿ ಅವನಿಗಾಗಿ ಕಾಯುವವರು ಯಾರೂ ಇರಲಿಲ್ಲ. ಅದೂ ಒಂದು ಕಾರಣ.

ಆಶ್ರಮ ಎಂದರೆ ಹೊಳೆದಂಡೆಯ ತಗಡಿನ ಮನೆ, ಮುಂದೊಂದು ಅತ್ತಿಮರ, ಒಳಗೆ ಗಾಜು ಹೊದಿಸಿದ ಪೆಟ್ಟಿಗೆಗಳು. ಪೆಟ್ಟಿಗೆಗಳ ತುಂಬ ಸೂಜಿ ಚುಚ್ಚಿದ ಜೀರುಂಡೆಗಳು. ಬೇಸಿಗೆಯಿಡೀ ಚೀರುವವು ಹೊರಗೆ, ಇನ್ನೆಂದೂ ಚೀರದವು ಒಳಗೆ.

ಒಂದು ಪೆಟ್ಟಿಗೆಯಲ್ಲಿ ಮಾತ್ರ ಒಂದೇ ಒಂದು ಇತ್ತು. ಮಾಸಲು ಬಿಳುಪಿನ ಗಂಡು ಹುಳು. ಹಾಲಮ್ಮ ಹರೆಯದಲ್ಲಿ ಹಿಡಿದದ್ದು.

ಅದು ಗೊತ್ತಿದ್ದ ಯಾವ ಕುಲಕ್ಕೂ ಸೇರಲಿಲ್ಲ. ಅದಕ್ಕೆಂದೇ ಅವರು ಹೊಸ ಕುಲವೊಂದನ್ನು ಕಟ್ಟಿ, ಹೆಸರಿಟ್ಟು, ಬಲ್ಲವರಿಂದ ಹೌದೆನ್ನಿಸಿಕೊಂಡರು. ಎಷ್ಟೋ ದೇಶಗಳ ಪುಸ್ತಕಗಳಲ್ಲಿ ಆ ಹೆಸರಿದೆ. ಆ ಕುಲದ ಇನ್ನೊಂದು ಹುಳು ಮಾತ್ರ ಯಾರಿಗೂ ಸಿಕ್ಕಿಲ್ಲ.

"ಎರಡನೆಯದನ್ನ ತಾ," ಎಂದು ಹಾಲಮ್ಮ ಕೊಟ್ರೇಶನಿಗೆ ಹೇಳಿದ್ದರು. "ಅವತ್ತಿಗೆ ನಿನ್ನ ಕಲಿಕೆ ಮುಗೀತು. ನನ್ನ ಕಲಿಸೋದೂ."

ಬೇಸಿಗೆಗಳು ಬಂದವು, ಹೋದವು. ಕೊಟ್ರೇಶನ ಗಡ್ಡ ನರೆಯಿತು, ತಲೆ ಬೋಳಾಯಿತು. ಮರದ ತುದಿ ನೋಡಿ ನೋಡಿ ಹಿಂದಕ್ಕೆ ವಾಲಿದ ಕತ್ತು ಹಾಗೆಯೇ ನಿಂತಿತು. ಉಣ್ಣುವಾಗಲೂ ಅವನು ಜಂತೆ ನೋಡುತ್ತಿದ್ದ.

ಆಶ್ರಮಕ್ಕೊಂದು ನಿಯಮವಿತ್ತು. ಸೂಜಿಗಳು ಹಾಲಮ್ಮನ ಎಲೆಅಡಿಕೆ ಡಬ್ಬಿಯಲ್ಲಿರುತ್ತಿದ್ದವು. ಹುಳು ಸಿಕ್ಕವರು ಅದನ್ನು ಜೀವಂತ ತಂದು, ಎದುರಿಗೆ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಆಮೇಲೆಯೇ ಸೂಜಿ.

ಹಿಂದಿನ ಶಿಷ್ಯರು ಈ ಪ್ರಶ್ನೆಗಳಿಗೆ ಬೇಸತ್ತು, ಸಂತೆಯಲ್ಲಿ ತಮ್ಮದೇ ಸೂಜಿ ಕೊಂಡು, ತಮ್ಮ ತಮ್ಮ ಆಶ್ರಮ ಮಾಡಿಕೊಂಡಿದ್ದರು. ಚೆನ್ನಾಗಿಯೇ ನಡೆಯುತ್ತಿವೆಯಂತೆ.

ಭರಣಿ ಮಳೆ ಬಿದ್ದ ಮರುದಿನ, ಇನ್ನೂ ಬೆಳಕು ಹರಿಯುತ್ತಿರುವಾಗ, ಕೊಟ್ರೇಶ ಓಡಿಬಂದ. ಆ ಮೊಣಕಾಲಿನಲ್ಲಿ ಓಡಬಾರದಿತ್ತು.

ಕೈಯಲ್ಲೊಂದು ಅತ್ತಿಯ ಕಡ್ಡಿ. ಅದರ ಮೇಲೆ ಮಾಸಲು ಬಿಳುಪಿನ ಜೀರುಂಡೆ.

"ಅವ್ವಾ, ಸೂಜಿ! ಸೂಜಿ ಕೊಡ್ರಿ!"

ಹಾಲಮ್ಮ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಈಚೆಗೆ ಅವರು ಅಲ್ಲಿಂದ ಏಳುವುದೇ ಕಡಿಮೆ.

"ಮೊದಲು ಚಹಾಕ್ಕೆ ನೀರಿಡು."

"ಎರಡನೆಯದು ಸಿಕ್ಕೈತೆ ಅಂತೀನಿ!"

"ಸಿಕ್ಕಿದ್ದು ಎಲ್ಲಿಗೆ ಹೋಗ್ತದೆ? ನೀರಿಡು."

ಕೊಟ್ರೇಶ ಕಡ್ಡಿಯನ್ನು ಅವರ ಮುಂದಿನ ಚೊಂಬಿನಲ್ಲಿ ನಿಲ್ಲಿಸಿ, ಒಳಗೆ ಹೋಗಿ ಒಲೆ ಹಚ್ಚಿ ಬಂದ. ಸೌದೆ ರಾತ್ರಿಯ ಮಳೆಗೆ ನೆನೆದಿತ್ತು. ನೀರಿಗೂ ಅವಸರವಿರಲಿಲ್ಲ.

"ಇದು ಜೀರುಂಡೆ ಅಂತ ಹೆಂಗೆ ಹೇಳ್ತೀ?" ಹಾಲಮ್ಮ ಕೇಳಿದರು.

"ಅವ್ವಾ, ಇಷ್ಟು ವರ್ಷ ಆದಮೇಲೂ..."

"ಹೇಳಪ."

"ಮರದ ರಸ ಹೀರೋ ಕೊಳವೆಯಂಥ ಬಾಯಿ. ಮನೆ ಸೂರಿನಂಗೆ ಇಳಿಬಿದ್ದ ರೆಕ್ಕೆ. ಆ ಕಡೆ ಈ ಕಡೆ ದೊಡ್ಡ ಕಣ್ಣು, ಹಣೆ ಮೇಲೆ ಮೂರು ಸಣ್ಣವು."

"ಶಿವನಿಗಿಂತ ಎರಡು ಹೆಚ್ಚು. ಆದರೂ ಹೋಗಿ ಗೋಡೆಗೆ ಬಡ್ಕೊಂತಾವೆ. ಮುಂದೆ?"

"ಗಂಡು. ಹೊಟ್ಟೆಯ ಎರಡೂ ಪಕ್ಕ ತಮಟೆ ಐತೆ. ಅದನ್ನ ಮಿಡಿದೇ ಕೂಗೋದು."

"ಕುಲ ಯಾವುದರಿಂದ ಗೊತ್ತಾಗ್ತದೆ?"

ಕೊಟ್ರೇಶ ಗಂಟಲು ಸರಿಮಾಡಿಕೊಂಡ. ಈ ಪಾಠ ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು.

"ಒಂದೇ ಲಕ್ಷಣದಿಂದ ಅಲ್ಲ. ತಲೆ ಎಷ್ಟು ಅಗಲ, ರೆಕ್ಕೆ ಮೇಲೆ ಮಚ್ಚೆ ಐತೋ ಇಲ್ಲೋ, ತಮಟೆ ಮೇಲಿನ ಹೊದಿಕೆ ಪೂರ್ತಿಯೋ ಅರ್ಧವೋ, ಹೊಟ್ಟೆ ಕೆಳಗಿನ ಎರಡು ಮುಚ್ಚಳ ಒಂದನ್ನೊಂದು ಮುಟ್ತಾವೋ ಇಲ್ಲೋ. ಎಲ್ಲಾ ಕೂಡಿಸಿ ನೋಡಬೇಕು. ಬಣ್ಣ ನಂಬಬಾರದು."

"ನಾನು ಕಟ್ಟಿದ ಕುಲಕ್ಕೆ?"

"ರೆಕ್ಕೆ ಮೇಲೆ ಮಚ್ಚೆ ಇಲ್ಲ. ಮುಚ್ಚಳ ಮುಟ್ಟೋದಿಲ್ಲ. ಇದಕ್ಕೂ ಹಂಗೇ ಐತೆ, ಭೂತಗನ್ನಡಿ ಹಿಡಿದು ನೋಡೀನಿ. ಸೂಜಿ ಕೊಡ್ರಿ ಅವ್ವಾ, ಹಾರಿಹೋದೀತು."

"ಈಗಲೇ ಹಾರೋದಿಲ್ಲ. ನೀರು ಕುದೀತೇನೋ ನೋಡು."

ಅವನು ಎದ್ದು ಹೋದ. ಊದಿದ, ಕೆಮ್ಮಿದ, ಬೆಲ್ಲ ಹಾಕಿದ, ಸೋಸಿದ. ಎರಡು ಲೋಟ ಹಿಡಿದು ಹೊರಗೆ ಬರುವ ಹೊತ್ತಿಗೆ ಬಿಸಿಲು ಕಟ್ಟೆಗೆ ಬಂದಿತ್ತು.

"ಕುಡಿ."

"ನನಗೆ ಬೇಡ್ರಿ."

"ನನ್ನ ಜತೆ ಕೂತು ಚಹಾ ಕುಡಿಯೋರು ಇನ್ಯಾರದಾರೆ?"

ಕೊಟ್ರೇಶ ಕೂತು ಒಂದು ಗುಟುಕು ಕುಡಿದ. ನಾಲಿಗೆ ಸುಟ್ಟಿತು.

"ಈಗ ಇನ್ನೊಮ್ಮೆ ಹೇಳು," ಎಂದರು ಹಾಲಮ್ಮ. "ರೆಕ್ಕೆ ಮೇಲೆ ಮಚ್ಚೆ?"

"ಇಲ್ಲ ಅಂದ್ನಲ್ಲ..." ಅವನು ಬಗ್ಗಿದ. ಭೂತಗನ್ನಡಿ ತೆಗೆದ. "ಏನೋ ಐತೆ. ಹೊಗೆ ಹಿಡಿದಂಗೆ."

"ನಮ್ಮ ಒಲೆದಿರಬೇಕು. ಅವಸರ ಇಲ್ಲ, ಕುಡಿದು ಮುಗಿಸು."

ಬಿಸಿಲು ಕಟ್ಟೆಯಿಂದ ಅಂಗಳಕ್ಕೆ ಇಳಿಯಿತು. ಹೊಳೆಯಲ್ಲಿ ಬಟ್ಟೆ ಒಗೆಯುವವರು ಬಂದರು, ಒಗೆದರು, ಹೋದರು.

"ಮೈ?"

"ಹಸಿರು ಬರ್ತಾ ಐತೆ."

"ಬೆನ್ನು?"

"ಕಪ್ಪು ಗೆರೆ." ಪ್ರತಿ ಉತ್ತರಕ್ಕೂ ಅವನ ದನಿ ಇಳಿಯುತ್ತಿತ್ತು.

"ಮುಚ್ಚಳ?"

ಕೊಟ್ರೇಶ ಕಡ್ಡಿಯನ್ನು ಎತ್ತಿ ಹಿಡಿದು ಕೆಳಗಿನಿಂದ ನೋಡಿದ. ಬಹಳ ಹೊತ್ತು ನೋಡಿದ. ನಸುಕಿನಲ್ಲಿ ಒದ್ದೆ ಕಾಗದದಂತೆ ಮುದುಡಿದ್ದ ಅಂಚುಗಳು ಈಗ ಗಟ್ಟಿಯಾಗಿ ಚಾಚಿಕೊಂಡಿದ್ದವು.

"ಮುಟ್ತಾವೆ."

ಅತ್ತಿಮರದ ಮೇಲೆ ಒಂದು ಜೀರುಂಡೆ ಚೀರತೊಡಗಿತು. ಬೆನ್ನಿಗೇ ಮರವೆಲ್ಲ ಚೀರಿತು.

"ಯಾವ ಕುಲ?" ಹಾಲಮ್ಮ ಕೇಳಿದರು.

"ಅವೇ." ಅವನು ಮೇಲೆ ಕೈ ತೋರಿಸಿದ. "ಊರ ತುಂಬ ಇರೋವು. ಮಕ್ಕಳು ದಾರ ಕಟ್ಟಿ ಆಡಿಸೋವು."

"ಪೊರೆ ಎಲ್ಲಿ ಬಿಟ್ಟಿತ್ತು?"

"ಪೊರೆ ಕಾಣಲಿಲ್ಲ."

"ಹುಡುಕಿದ್ಯಾ?"

ಹುಡುಕಿರಲಿಲ್ಲ. ಹೊಸದಾಗಿ ಪೊರೆ ಬಿಟ್ಟ ಹುಳು ಬಿಳಿಚಿಕೊಂಡಿರುತ್ತದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರು ಹಿಡಿದ ಹುಳುವಾಗಿದ್ದರೆ ತಟ್ಟನೆ ಹೊಳೆಯುತ್ತಿತ್ತು.

ಅವನು ಮರದ ಹತ್ತಿರ ಹೋದ. ಪೊರೆ ಮೊಣಕಾಲೆತ್ತರದಲ್ಲಿ ಕಾಂಡಕ್ಕೆ ಕಚ್ಚಿಕೊಂಡಿತ್ತು, ಬೆನ್ನು ಸೀಳಿ, ಕಾಲಿಗೆ ಇನ್ನೂ ಹಸಿಮಣ್ಣು. ನೋಡಲು ಅವನು ಕತ್ತು ಬಗ್ಗಿಸಬೇಕಾಯಿತು. ನೋವಾಯಿತು.

ಪೊರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದವನು ಒಳಗಿನ ಒಂಟಿ ಪೆಟ್ಟಿಗೆಯ ಕಡೆ ನೋಡಿದ. ಆಮೇಲೆ ಹಾಲಮ್ಮನ ಕಡೆ.

"ಅವ್ವಾ. ನಿಮ್ಮದೂ...?"

"ಹೂಂ."

"ಹಸಿಮೈಯಲ್ಲೇ ಸೂಜಿ ಚುಚ್ಚಿದ್ದಕ್ಕೆ ಒಣಗಿ ಮುದುಡಿಕೊಂಡಿದ್ದು. ಅಷ್ಟೇನಾ?"

"ಅಷ್ಟೇ. ಅದು ಎಷ್ಟೋ ವರ್ಷ ಮಣ್ಣಾಗೆ ಇದ್ದು ಮೇಲೆ ಬಂದಿತ್ತು. ಇನ್ನೊಂದು ಬೆಳಗು ಬೇಕಿತ್ತು ಅದಕ್ಕೆ. ನಾನು ಕೊಡಲಿಲ್ಲ. ಆಗ ನನಗೂ ಓಡೋ ಕಾಲಿದ್ವು."

"ಯಾವಾಗ ತಿಳೀತು ನಿಮಗೆ?"

"ನೀನು ಬರೋ ಮುಂಚೆ."

ಕೊಟ್ರೇಶ ಲೋಟ ಕುಕ್ಕಿದ. ಉಳಿದ ಚಹಾ ಕಟ್ಟೆಯ ಮೇಲೆ ಹರಿಯಿತು.

"ಮುಂಚೇನಾ! ಹಂಗಾದ್ರೆ ನನ್ನ ಯಾಕೆ ಮರ ಹತ್ತಿಸಿದ್ರಿ? ಇಲ್ಲದ ಕುಲ ಹುಡುಕ್ತಾ ನನ್ನ ಆಯುಷ್ಯ ಹೋತಲ್ರಿ ಅವ್ವಾ!"

ಹಾಲಮ್ಮ ಚಹಾ ಹರಿದು ಹೋಗುವುದನ್ನು ನೋಡಿದರು.

"ಪ್ರತಿ ಬೇಸಿಗೆ ಹೇಳಬೇಕು ಅಂತ ಬಾಯಿ ತೆಗೀತಿದ್ದೆ. ಅಷ್ಟರಾಗೆ ಯಾರೋ ಒಬ್ರು ಆ ಕುಲದ ಹೆಸರು ಹೇಳ್ಕೊಂಡು ಬಸ್ ಇಳೀತಿದ್ರು. ಒಂದು ಸಲ ನೀನೇ ಇಳಿದೆ. ಒಂದು ತಪ್ಪನ್ನ ನುಸಿ ಹತ್ತದಂಗೆ ಕಾಯೋದು ಭಾಳ ದಣಿವಿನ ಕೆಲಸ, ಕೊಟ್ರೇಶ."

"ನನಗೊಬ್ಬನಿಗಾದ್ರೂ ಹೇಳಬಹುದಿತ್ತು."

"ಹೇಳಿದ್ರೆ ನೀನು ಆ ಮಾತಿಗೂ ಒಂದು ಸೂಜಿ ಚುಚ್ಚಿ ಇಟ್ಕೊಂತಿದ್ದೆ. ನಿನ್ನ ಮುಂಚೆ ಬಂದೋರು ಒಬ್ರೂ ಆ ಲೋಟ ಖಾಲಿ ಆಗೋ ತನಕ ಕೂರಲಿಲ್ಲ."

"ನಾನೂ ಖಾಲಿ ಮಾಡಲಿಲ್ಲ. ಚೆಲ್ಲಿದೆ."

"ಅದೂ ಖಾಲಿ ಆದಂಗೇ."

ಚೊಂಬಿನ ಕಡ್ಡಿಯ ಮೇಲಿನ ಜೀರುಂಡೆ ರೆಕ್ಕೆ ಅಲುಗಿಸಿತು. ಕೊಟ್ರೇಶನ ಬೋಳು ತಲೆಯ ಮೇಲೆ ಒಂದಿಷ್ಟು ಉಚ್ಚೆ ಸಿಡಿಸಿ, ಹಾರಿ, ಮರದ ಗದ್ದಲದೊಳಗೆ ಸೇರಿಹೋಯಿತು.

ಅವನು ತಲೆ ಒರೆಸಿಕೊಂಡ.

"ಪುಸ್ತಕದೋರಿಗೆ ಹೇಳು," ಎಂದರು ಹಾಲಮ್ಮ. "ಆ ಕುಲ ಇಲ್ಲ ಅಂತ."

"ನಿಮ್ಮ ಹೆಸರು ಹೋಗ್ತದಲ್ಲ?"

"ಹೋಗಲಿ ಬಿಡು. ಹೊತ್ತು ಹೊತ್ತು ಹೆಗಲು ಹೋಗೈತೆ."

"ನಾನೆಲ್ಲಿಗೆ ಹೋಗಲಿ?"

ದೂರದ ಸೇತುವೆಯ ಹತ್ತಿರ ಬೆಳಗಿನ ಬಸ್ಸು ನಿಂತಿತು. ಯಾರೋ ಇಳಿದರು. ಇಳಿದವರು ದಂಡೆಗುಂಟ ಬಿರಬಿರನೆ ಈ ಕಡೆಗೇ ಬರತೊಡಗಿದರು.

ಹಾಲಮ್ಮ ಎಲೆಅಡಿಕೆ ಡಬ್ಬಿಯನ್ನು ಸೆರಗಿನಿಂದ ಒರೆಸಿ ಕೊಟ್ರೇಶನ ತೊಡೆಯ ಮೇಲಿಟ್ಟರು. ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದರು.

"ಸೂಜಿ ಕೇಳಿದ್ರೆ ಮೊದಲು ಚಹಾಕ್ಕೆ ನೀರಿಡಿಸು. ಸೌದೆ ಹಸೀದೇ ಇರಲಿ."