ಎತ್ತಿನ ಚಿಂತೆ

ಶಿಷ್ಯ ಕೇಳಿದ: "ಗುರುಗಳೇ, ಕೆಲವು ಗಂಡಸರು ಒಂದೇ ಯೋಚನೆಯನ್ನು ಹಿಡಿದುಕೊಂಡು ಹಗಲಿರುಳು ಸುತ್ತುತ್ತಾರೆ. ಎದೆ ಡವಗುಟ್ಟಿದರೂ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಅಂಥವರಿಗೆ ಏನು ಮದ್ದು?"

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಹೆಂಡತಿ, ಇಬ್ಬರು ಮಕ್ಕಳು, ಒಂದು ಗಾಣ, ಒಂದು ಎತ್ತು. ಅವನಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಚಿಂತೆಗಂತೂ ಕೊರತೆ ಇರಲೇ ಇಲ್ಲ. ಗಾಣಕ್ಕೆ ಎಳ್ಳು ಹಾಕುತ್ತ ಯೋಚಿಸುತ್ತಿದ್ದ, ಎಣ್ಣೆ ಅಳೆಯುತ್ತ ಯೋಚಿಸುತ್ತಿದ್ದ. ಊಟಕ್ಕೆ ಕುಳಿತರೆ ತುತ್ತು ಕೈಯಲ್ಲೇ ಆರಿಹೋಗುತ್ತಿತ್ತು. ಹೆಂಡತಿ ಏನೆಂದು ಕೇಳಿದರೆ 'ಏನಿಲ್ಲ' ಎನ್ನುತ್ತಿದ್ದ. ಗಂಡಸು 'ಏನಿಲ್ಲ' ಎಂದರೆ ಬಹಳವಿದೆ ಎಂದೇ ತಿಳಿಯಬೇಕು. ಆದರೆ ಅಳುವ ಗಂಡಸನ್ನು ನಂಬಬಾರದು ಎಂಬ ಮಾತು ಕೇಳುತ್ತಲೇ ಬೆಳೆದವನು ಅವನು. ಹೇಳಿಕೊಂಡರೆ ಮಾನ ಹೋದೀತು ಎಂದು ಎಲ್ಲವನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡ.

ಹೊಟ್ಟೆಗೂ ಒಂದು ಮಿತಿಯುಂಟು. ಪಕ್ಕದ ಊರಿನಲ್ಲಿ ದನಕ್ಕೂ ಜನಕ್ಕೂ ಮದ್ದು ಕೊಡುವ ಪಂಡಿತನೊಬ್ಬನಿದ್ದ. ಸೋಮವಾರ ಎತ್ತನ್ನು ಗಾಣಕ್ಕೆ ಕಟ್ಟುವಂತಿಲ್ಲ. ಅಂಥ ಒಂದು ಸೋಮವಾರ ಗಾಣಿಗ ಎತ್ತನ್ನು ಹಿಡಿದುಕೊಂಡು ಅಲ್ಲಿಗೆ ಹೋದ.

"ನಮ್ಮ ಎತ್ತಿಗೆ ಹುಷಾರಿಲ್ಲ, ಪಂಡಿತರೇ. ನಿದ್ದೆ ಮಾಡಲ್ಲ. ಎದೆ ಹೊಡ್ಕೊಳ್ಳುತ್ತೆ. ಏನೇನೋ ಯೋಚನೆ ಮಾಡುತ್ತೆ."

ಪಂಡಿತ ಎತ್ತನ್ನು ನೋಡಿದ. ಅದು ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

"ಅಂಥಾದ್ದು ಏನಪ್ಪ ಯೋಚನೆ ಇದಕ್ಕೆ?"

"ಸತ್ತೋಗ್ತೀನಿ ಅಂತ. ಇದರ ಅಪ್ಪ ಗಾಣದ ಹತ್ರಾನೇ ಕುಸಿದುಬಿದ್ದು ಹೋಗಿಬಿಟ್ಟ."

"ಆಗ ಅಪ್ಪನಿಗೆ ಎಷ್ಟು ವರ್ಷ?"

"ನಲವತ್ತೆರಡು."

"ಈಗ ಎತ್ತಿಗೆ?"

"ಯುಗಾದಿ ಬಂದ್ರೆ ನಲವತ್ತೆರಡಕ್ಕೆ ಬೀಳುತ್ತೆ."

ಇಪ್ಪತ್ತೈದು ದಾಟಿದ ಎತ್ತನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಪಂಡಿತ ಬಾಯಿಗೆ ವಸ್ತ್ರ ಹಿಡಿದು ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ಎತ್ತಿನ ಕಿವಿ ಮುಟ್ಟಿದ, ಬಾಲ ಎತ್ತಿ ನೋಡಿದ, ಗಂಭೀರವಾಗಿ ತಲೆಯಾಡಿಸಿದ.

"ಕಾಯಿಲೆ ಇರೋದು ನಿಜ. ದಿನಾ ಇದಕ್ಕೆ ಹಿಂಡಿ, ಬೆಲ್ಲ ಕೊಡು. ಸೋಮವಾರ ಸೋಮವಾರ ಹಿಡ್ಕೊಂಡು ಬಾ. ಮೂಕಪ್ರಾಣಿ, ಅದಕ್ಕೆ ಹೇಳ್ಕೊಳ್ಳೋಕೆ ಬರಲ್ಲ. ಅದರ ಪರವಾಗಿ ನೀನೇ ಹೇಳು. ಒಂದೂ ಬಿಡಬೇಡ."

ಗಾಣಿಗನಿಗೆ ಹೋದ ಜೀವ ಬಂದಂತಾಯಿತು. ತನಗೋಸ್ಕರ ಎಂದಿದ್ದರೆ ಸತ್ತರೂ ಬಾಯಿ ಬಿಡುತ್ತಿರಲಿಲ್ಲ. ಇದು ಎತ್ತಿನ ವಿಷಯ, ಇದರಲ್ಲಿ ನಾಚಿಕೆಯೇನು? ವಾರವಾರವೂ ಕುಳಿತು ಹೇಳಿದ. ತಾನು ಹೋದರೆ ಹೆಂಡತಿ ಮಕ್ಕಳ ಗತಿಯೇನು ಎಂದು ಎತ್ತು ಹೆದರುತ್ತದೆ ಎಂದ. ಮೆಟ್ಟಿಲು ಹತ್ತಿ ಏದುಸಿರು ಬಂದರೆ ಇದೇ ಕೊನೆ ಎಂದುಕೊಳ್ಳುತ್ತದೆ ಎಂದ. ಅಪ್ಪ ಬಿದ್ದ ದಿನ ತಾನು ಸಂತೆಯಲ್ಲಿ ಹರಟೆ ಹೊಡೆಯುತ್ತಿದ್ದೆನಲ್ಲ ಎಂದು ಎತ್ತು ಇವತ್ತಿಗೂ ಕೊರಗುತ್ತದೆ ಎಂದ. ಅದನ್ನು ಹೇಳಿದ ದಿನ ಎತ್ತಿನ ಪರವಾಗಿ ಅವನೇ ಬಿಕ್ಕಿ ಬಿಕ್ಕಿ ಅತ್ತ. ಪಂಡಿತ ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿಸಿಕೊಂಡ. ಎತ್ತು ಹಿಂಡಿ ಬೆಲ್ಲ ತಿಂದು ತಿಂದು ದುಂಡಗಾಯಿತು.

ಯುಗಾದಿಗೆ ಇನ್ನೂ ತಿಂಗಳಿರುವಾಗ ಒಂದು ಸೋಮವಾರ ಗಾಣಿಗ ಒಬ್ಬನೇ ಬಂದ.

"ಎತ್ತೆಲ್ಲಿ?" ಎಂದ ಪಂಡಿತ.

ಗಾಣಿಗ ನೆಲ ನೋಡಿದ. "ಅದಕ್ಕೇನೂ ಆಗಿಲ್ಲ, ಪಂಡಿತರೇ. ಭಯ ಇರೋದು ನನಗೆ."

ಪಂಡಿತ ಚಾಪೆ ಹಾಸಿದ. "ಬಾ, ಕೂತ್ಕೋ. ಇವತ್ತಿಂದ ಮದ್ದು ಶುರು ಮಾಡೋಣ."

ಗುರುಗಳು ಇಷ್ಟಕ್ಕೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಯುಗಾದಿಗೆ ಅವನಿಗೆ ಏನಾಯಿತು, ಗುರುಗಳೇ?"

"ಬೇವುಬೆಲ್ಲ ತಿಂದ. ಭಯ ಆಮೇಲೂ ಆಗಾಗ ಬರುತ್ತಿತ್ತು. ಬಂದಾಗ ಹೆಂಡತಿಗೆ ಹೇಳುತ್ತಿದ್ದ."

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಪೆದ್ದ! ತನ್ನ ಭಯವನ್ನು ಹೇಳಿಕೊಳ್ಳಲಾರದೆ ಎತ್ತಿನ ಹಿಂದೆ ಅಡಗಿದನಲ್ಲ!"

ಗುರುಗಳು ಅವನ ನಗು ಮುಗಿಯುವವರೆಗೆ ಕಾದರು. ಆಮೇಲೆ ಮೆಲ್ಲಗೆ ಕೇಳಿದರು: "ನಿನ್ನ ಎತ್ತಿಗೆ ಈಗ ಎಷ್ಟು ವರ್ಷವಪ್ಪ?"