ಹೊಳೆಯಾಚೆ ಸಾರಿದ ಡಂಗುರ

ರಹದಾರಿ ಇಲ್ಲದ ಆಚೆ ಸೀಮೆಯವರು ದಿನವೂ ಹೊಳೆ ದಾಟಿ ಬರುತ್ತಿದ್ದರು. "ಮೂರು ದಿನದಲ್ಲಿ ನಿಲ್ಲಿಸು, ಇಲ್ಲವೋ ಕೆಲಸ ಬಿಡು" ಎಂದು ದಿವಾನರು ಸುಂಕದ ಕಟ್ಟೆಯ ಗುಮಾಸ್ತನಿಗೆ ಗುಡುಗಿದರು.

ಗುಮಾಸ್ತನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೇಲಿ ಹಾಕಿದರೆ ನುಸುಳುತ್ತಾರೆ, ಕಾವಲಿಟ್ಟರೆ ಈಜುತ್ತಾರೆ. ಅಂಗಡಿ ತೆರೆದಿರುವ ತನಕ ಗಿರಾಕಿ ಬರದೆ ಇರುತ್ತಾನೆಯೇ? ಕೊನೆಗೆ ಆಚೆ ದಡದಲ್ಲಿ ಡಂಗುರ ಸಾರಿಸಿದ: "ದಿವಾನರ ಇಟ್ಟಿಗೆ ಗೂಡಿನಲ್ಲಿ ಇನ್ನು ನಿಮಗೆ ಕೂಲಿಯಿಲ್ಲ, ಮಧ್ಯಾಹ್ನದ ಮುದ್ದೆಯೂ ಇಲ್ಲ!"

ಮರುದಿನ ಒಬ್ಬನೂ ನೀರಿಗಿಳಿಯಲಿಲ್ಲ. ಗೂಡು ತಣ್ಣಗಾಯಿತು, ದಿವಾನರ ಹೊಸ ಮಾಳಿಗೆ ಅರ್ಧಕ್ಕೆ ನಿಂತಿತು. ದಿವಾನರು ಏದುಸಿರು ಬಿಡುತ್ತ ಓಡಿಬಂದರು.

"ಅಯ್ಯೋ ಮುಠ್ಠಾಳ, ಕೂಲಿ ಇದೆ ಅಂತ ಈಗಲೇ ಇನ್ನೊಂದು ಡಂಗುರ ಸಾರಿಸೋ!"

"ಸಾರಿಸ್ತೀನಿ ಬುದ್ಧಿ. ಅಪ್ಪಣೆ ಯಾರದು ಅಂತ ಹೇಳಿಸಲಿ?"

ದಿವಾನರು ಬಂದ ದಾರಿಯಲ್ಲೇ ಹಿಂದಿರುಗಿದರು. ಗುಮಾಸ್ತನ ಕೆಲಸ ಕಿತ್ತುಕೊಳ್ಳುವ ಮಾತು ಅಲ್ಲಿಗೇ ಮುಗಿಯಿತು.